ಗುರುವಾರದ ಅಳಿಯ

ಆ ಗುರುವಾರ ಯಾಮಾಗೆ ಕೊಟ್ಟ ಚಹಾದ ಜೊತೆ ಸಕ್ಕರೆ ಬಾದಾಮಿ ಇರಲಿಲ್ಲ.

ನೀಲಾಬ್ ಮರೆತದ್ದಲ್ಲ. ಡಬ್ಬಿಗೆ ಕೈಹಾಕಿದವಳನ್ನು ತಾಯಿ ಶಾಹ್‌ಗುಲ್ ಕಣ್ಣಲ್ಲೇ ತಡೆದಿದ್ದಳು. ಎರಡು ವರ್ಷದಿಂದ ಒಂದು ಗುರುವಾರವೂ ತಪ್ಪಿಸದೆ ಬರುತ್ತಿರುವ ಅಳಿಯನ ಮುಂದೆ ಬರೀ ಚಹಾ ಇಟ್ಟರೆ, ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಬೇರೆ ಯಾರೂ ಬಂದು ಹೇಳಬೇಕಾಗಿಲ್ಲ.

ಯಾಮಾ ತಟ್ಟೆ ನೋಡಿದ, ನೀಲಾಬ್‌ಳನ್ನು ನೋಡಿದ, ಮತ್ತೆ ತಟ್ಟೆ ನೋಡಿದ.

"ಬಾದಾಮಿ ರೇಟು ಜಾಸ್ತಿ ಆಯ್ತಾ?" ಎಂದು ಮೆಲ್ಲಗೆ ಕೇಳಿದ.

"ನಿಮ್ಮ ಹಲ್ಲಿನ ಮೇಲೆ ಕನಿಕರ."

"ಹೋದ ವಾರ ಈ ಕನಿಕರ ಇರಲಿಲ್ವಲ್ಲ."

"ಹೋದ ವಾರ ಕೆನಡಾದವರು ಫೋನ್ ಮಾಡಿರಲಿಲ್ಲ," ಎಂದಳು ನೀಲಾಬ್. ಹತ್ತು ಅಡಿ ಆಚೆ ಅಕ್ಕಿ ಆರಿಸುತ್ತ ಕೂತಿದ್ದ ಶಾಹ್‌ಗುಲ್ ಕೆಮ್ಮಿದಳು.

ಶಾಹ್‌ಗುಲ್ ಅಕ್ಕಿ ಆರಿಸುವುದು ಗುರುವಾರ ಮಾತ್ರ. ಒಂದೇ ತಟ್ಟೆಯ ಅಕ್ಕಿಯನ್ನು ಮೂರು ಸಲ ಆರಿಸುತ್ತಾಳೆ. ಅಷ್ಟು ಹೊತ್ತು ಜರ್ದಾಲು ಮರದ ಕೆಳಗೆ ಹುಡುಗ ಹುಡುಗಿ ಎದುರುಬದುರು ಕೂತು ಮಾತಾಡಬಹುದು, ಅವಳಿಗೆ ಏನೂ ಕೇಳಿಸುವುದಿಲ್ಲ. ಮಾತು ದಾರಿ ತಪ್ಪಿದರೆ ಮಾತ್ರ ಕೆಮ್ಮು ಬರುತ್ತದೆ. ಅಕ್ಕಿಯಲ್ಲಿ ಕಲ್ಲಿದ್ದ ದಿನ ನೀಲಾಬ್‌ಗೆ ನೆನಪಿಲ್ಲ.

ಯಾಮಾ ತಾಜಿಕಿಸ್ತಾನದ ಈ ವಹ್ದತ್ ಊರಿನ ಬಜಾರಿನಲ್ಲಿ ತಂದೂರ್ ಇಟ್ಟುಕೊಂಡಿದ್ದಾನೆ. ತಾಜಿಕರ ರೊಟ್ಟಿ ದುಂಡಗಿರುತ್ತದೆ, ಇವನದು ಅಫ್ಘಾನಿಸ್ತಾನದ ನಮ್ಮ ಮಜಾರ್ ಕಡೆಯ ಹಾಗೆ ಉದ್ದಕ್ಕೆ. ದಿನವೂ ಬೆಂಕಿಯ ಬಾಯೊಳಗೆ ಇಳಿಸಿ ಇಳಿಸಿ ಅವನ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಉಳಿದಿಲ್ಲ. ಚಹಾ ಲೋಟಕ್ಕೆ ಯಾವ ಕೈ ಚಾಚುತ್ತಾನೆ ಎಂದು ನೀಲಾಬ್ ಪ್ರತಿ ಗುರುವಾರ ನೋಡುತ್ತಾಳೆ. ಬಲಗೈಯೇ ಚಾಚುತ್ತಾನೆ, ಗೊತ್ತಿರುವ ವಿಷಯ. ಆದರೂ ನೋಡುತ್ತಾಳೆ. ಆ ನುಣುಪಾದ ತೋಳಿನ ಮೇಲೆ ಬೆರಳಾಡಿಸಿದರೆ ಹೇಗಿರಬಹುದು ಎಂದು ಯೋಚಿಸುತ್ತಾಳೆ, ಆಮೇಲೆ ತಾಯಿಯ ಕಡೆ ಕಳ್ಳನೋಟ ಹಾಕುತ್ತಾಳೆ.

ಹಾಗೆ ಯೋಚಿಸುವುದು ಪಾಪವೇನೂ ಅಲ್ಲ. ಇಬ್ಬರಿಗೂ ನಿಖಾ ಆಗಿದೆ.

ಪರಿಚಯವಾದದ್ದು ರೊಟ್ಟಿಯ ಸಾಲಿನಲ್ಲಿ. ಕೊಂಡ ರೊಟ್ಟಿಯನ್ನು ಅಲ್ಲೇ ಮುರಿದು ನೋಡಿ, "ಇದನ್ನ ಮಜಾರ್ ರೊಟ್ಟಿ ಅಂತ ಮಾರ್ತಾ ಇದೀರಲ್ಲ, ಮಜಾರ್ ಎಂದಾದ್ರೂ ನೋಡಿದೀರಾ?" ಎಂದು ನೀಲಾಬ್ ವಾಪಸ್ ಕೊಟ್ಟಿದ್ದಳು. ಅವನು ಹುಟ್ಟಿದ್ದೇ ಮಜಾರ್‌ನಲ್ಲಿ. ವಾದ ಮಾಡದೆ ಆ ರೊಟ್ಟಿಯನ್ನು ತಾನೇ ತಿಂದ. ಮಾರನೆಯ ದಿನ ಹಿಟ್ಟು ಇನ್ನೊಂದು ಗಂಟೆ ನೆನೆಸಿ ಸುಟ್ಟ. ಹದಿನೈದು ದಿನ ಕಳೆದ ಮೇಲೆ ಬಜಾರಿನ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಹುಡುಗಿ ಕೇಳಲು ಬಂದ. ಅವನ ಕಡೆ ಬರಲು ಬೇರೆ ಯಾರೂ ಇರಲಿಲ್ಲ.

ನಮ್ಮಲ್ಲಿ ಸಂಬಂಧ ಕುದುರಿದಾಗಲೇ ನಿಖಾ ಓದಿಸಿಬಿಡುವುದುಂಟು. ಹುಡುಗ ಮನೆಗೆ ಬಂದು ಹೋದರೆ ಯಾರೂ ಬಾಯಿಗೆ ಬಂದದ್ದು ಆಡಬಾರದು ಎಂದು. ಆದರೆ ಮದುವೆ ಬೇರೆ. ಮದುವೆಗೆ ಹಾಲ್ ಬೇಕು, ಮುನ್ನೂರು ಜನಕ್ಕೆ ಊಟ ಬೇಕು, ನೆಂಟರು ಬೇಕು. ನೀಲಾಬ್‌ಳ ತಂದೆ ಗೌಸುದ್ದೀನ್ ಮೇಷ್ಟರ ಅಣ್ಣ ಜರ್ಮನಿಯಲ್ಲಿ, ತಂಗಿ ಇರಾನಿನಲ್ಲಿ. ಅವರೆಲ್ಲ ಸೇರಿದ ಮೇಲೆ ಅದ್ದೂರಿಯಾಗಿ ಮಾಡೋಣ ಎಂದು ಮೇಷ್ಟರು ಹೇಳುತ್ತಲೇ ಎರಡು ವರ್ಷ ಕಳೆಯಿತು. ಅಲ್ಲಿಯವರೆಗೆ ಮಗಳು ತಂದೆಯ ಮನೆಯ ಹುಡುಗಿ, ಯಾಮಾ ಗುರುವಾರದ ಅಳಿಯ.

ಅಫ್ಘಾನರಿಗೆ ನೆಲೆ ಕೊಡುತ್ತೇವೆ ಎಂದು ಕೆನಡಾ ಸರ್ಕಾರ ಹೇಳಿದಾಗ ಮೇಷ್ಟರು ಅರ್ಜಿ ಹಾಕಿದ್ದು ಈ ನಡುವೆಯೇ. ಸಸ್ಕಟೂನ್ ಎಂಬ ಊರಿನ ಐದು ಜನ ಸೇರಿ ಇವರ ಜವಾಬ್ದಾರಿ ಹೊತ್ತಿದ್ದರು. ಹಿಮದಲ್ಲಿ ನಿಂತು ಕೈಬೀಸುವ ಫೋಟೋ ಕಳಿಸಿದ್ದರು. ಅರ್ಜಿಯಲ್ಲಿ ಮಕ್ಕಳ ಹೆಸರಿನ ಎದುರು ಮದುವೆ ಆಗಿದೆಯೇ ಎಂದು ಕೇಳಿತ್ತು. ನೀಲಾಬ್‌ಳ ಹೆಸರಿನ ಎದುರು ಮೇಷ್ಟರು ಇಲ್ಲ ಎಂದು ಬರೆದರು. ಸುಳ್ಳು ಬರೆಯುವ ಯೋಚನೆ ಅವರಿಗೆ ಕನಸಿನಲ್ಲೂ ಇರಲಿಲ್ಲ. ಮಗಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು, ಮದುವೆ ಆಗಿದ್ದರೆ ಅಲ್ಲೇಕೆ ಇರುತ್ತಿದ್ದಳು?

ಮಂಗಳವಾರ ಫೋನ್ ಬಂತು. ಮುಂದಿನ ಬುಧವಾರ ರಾಜಧಾನಿ ದುಶಾಂಬೆಯಲ್ಲಿ ಕೊನೆಯ ಸಂದರ್ಶನ. ಮಾರನೆಯ ದಿನ ನಿರಾಶ್ರಿತರ ಕಾಗದಪತ್ರ ನೋಡಿಕೊಳ್ಳುವ ಕಚೇರಿಯ ಮುನೀರಾ ಮನೆಗೆ ಬಂದಳು. ತಾಜಿಕ್ ಹೆಂಗಸು, ಮಾತು ನೇರ. ಚಹಾ ಕೊಟ್ಟ ನೀಲಾಬ್‌ಳ ಬೆರಳಿನ ಉಂಗುರ ಅವಳ ಕಣ್ಣಿಗೆ ಬಿತ್ತು.

"ನಿಖಾ ಓದಿಸಿದೀರಾ?"

"ಓದಿಸಿದೀವಲ್ಲ. ಇಲ್ದಿದ್ರೆ ಹುಡುಗನ್ನ ಮನೆಯೊಳಗೆ ಹೇಗೆ ಬಿಟ್ಕೊಳ್ಳೋದು?" ಎಂದರು ಮೇಷ್ಟರು.

"ಹಾಗಾದ್ರೆ ಇವಳಿಗೆ ಮದುವೆ ಆಗಿದೆ."

"ಎಲ್ಲಮ್ಮ ಆಗಿದೆ? ಆಗಿದ್ರೆ ನೀನೂ ಬಂದು ಪಲಾವ್ ತಿಂದಿರ್ತಿದ್ದೆ."

"ಗೌಸುದ್ದೀನ್ ಅಕಾ, ಕೆನಡಾ ಸರ್ಕಾರ ಪಲಾವ್ ತಿಂದವರನ್ನ ಎಣಿಸಲ್ಲ. ಸಾಕ್ಷಿಗಳ ಮುಂದೆ ಇವಳು ಒಪ್ಪಿದಾಳಾ ಅಂತ ಕೇಳುತ್ತೆ, ಅಷ್ಟೇ."

ಮೇಷ್ಟರ ಮುಖ ಬಿಳಿಚಿಕೊಂಡಿತು. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಮನುಷ್ಯ, ತನ್ನದೇ ತಪ್ಪಿನ ಮುಂದೆ ಕನ್ನಡಕ ಒರೆಸುತ್ತ ಕೂತರು.

ಮುನೀರಾ ಬಿಡಿಸಿ ಹೇಳಿದಳು. ತಂದೆಯ ಅರ್ಜಿಯಲ್ಲಿ ಮದುವೆಯಾಗದ ಮಕ್ಕಳು ಮಾತ್ರ ಇರಬಹುದು. ನಿಜ ಹೇಳಿದರೆ ನೀಲಾಬ್‌ಳ ಹೆಸರು ಹೋಗುತ್ತದೆ, ತಂದೆ, ತಾಯಿ, ಇಬ್ಬರು ತಮ್ಮಂದಿರು, ಈ ನಾಲ್ವರು ಹೊರಡುತ್ತಾರೆ. ಅವಳು ಯಾಮಾ ಜೊತೆ ಹೊಸ ಅರ್ಜಿ ಹಾಕಿ ಮೊದಲಿನಿಂದ ಕಾಯಬೇಕು, ಸಿಕ್ಕೇ ಸಿಗುತ್ತದೆ ಎಂದು ಯಾರೂ ಬರೆದು ಕೊಡುವುದಿಲ್ಲ. ಮುಚ್ಚಿಟ್ಟು ಹೋದರೆ, ಇಲ್ಲವೆಂದು ಹೇಳಿದ ಗಂಡನನ್ನು ಆಮೇಲೆ ಗಂಡನೆಂದು ಕರೆಸಿಕೊಳ್ಳುವ ದಾರಿ ಮುಚ್ಚುತ್ತದೆ.

"ನಿಖಾ ಮುರಿದ್ರೆ?" ಎಂದರು ಮೇಷ್ಟರು.

"ನಿಜವಾಗ್ಲೂ ಮುರಿದ್ರೆ ಇವಳು ನಿಮ್ಮ ಜೊತೆ ಬರಬಹುದು. ಆದ್ರೆ ನಾಟಕಕ್ಕೆ ಮುರಿದು ಅಲ್ಲಿ ಹೋಗಿ ಮತ್ತೆ ಜೋಡಿಸೋಣ ಅಂತಿದ್ರೆ, ನನ್ನ ಹತ್ರ ಕೇಳಬೇಡಿ. ಮುರಿದದ್ದು ಮುರಿದ ಹಾಗೆ."

ಅವಳು ಹೋದ ಮೇಲೆ ಮೇಷ್ಟರು ಇಡೀ ಸಂಜೆ ಅರ್ಜಿಯ ನಕಲು ತಿರುವಿ ಹಾಕಿದರು. ಗುರುವಾರ ಬೆಳಿಗ್ಗೆ ಶಾಹ್‌ಗುಲ್ ಕೈಲಿ ಹೇಳಿಸಿದರು: ಇವತ್ತು ಯಾಮಾ ಬಂದಾಗ ನಾನು ಮಾತಾಡ್ತೀನಿ, ಯಾರೂ ನಡುವೆ ಬರಬೇಡಿ.

ಹಾಗಾಗಿ ಬಾದಾಮಿ ಇರಲಿಲ್ಲ.

ಯಾಮಾ ಚಹಾ ಮುಗಿಸುವ ಮೊದಲೇ ಮೇಷ್ಟರು ಅವನನ್ನು ಒಳಗೆ ಕರೆದರು. ಮುಕ್ಕಾಲು ಗಂಟೆ ಬಾಗಿಲು ಮುಚ್ಚಿತ್ತು. ನೀಲಾಬ್ ಮರದ ಕೆಳಗೇ ಕೂತಿದ್ದಳು. ಶಾಹ್‌ಗುಲ್ ನಾಲ್ಕನೇ ಸಲ ಅಕ್ಕಿ ಆರಿಸುತ್ತಿದ್ದಳು.

ಹೊರಗೆ ಬಂದ ಯಾಮಾ ಕೂರಲಿಲ್ಲ.

"ಕಾಕಾ ಹೇಳಿದ್ರು," ಎಂದ.

"ನೀವೇನಂದ್ರಿ?"

"ಆಗ್ಲಿ ಅಂದೆ. ಶನಿವಾರ ಮುಲ್ಲಾ ಸಾಹೇಬ್ರು ಬರ್ತಾರಂತೆ."

ನೀಲಾಬ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ಮುಖ ನೋಡಬೇಕೆನಿಸಿತು, ಅವನು ಮರ ನೋಡುತ್ತಿದ್ದ.

"ಅಷ್ಟು ಬೇಗ ಒಪ್ಪಿಬಿಟ್ರಾ? ನಿಮ್ಮ ಅಂಗಡೀಲಿ ಹಳೇ ರೊಟ್ಟಿಗೂ ಜನ ಇದಕ್ಕಿಂತ ಜಾಸ್ತಿ ಚೌಕಾಸಿ ಮಾಡ್ತಾರೆ."

"ನೀಲಾಬ್, ಕೇಳು. ನೀನು ಅಲ್ಲಿ ಓದಬಹುದು. ಮನೆಯವರ ಜೊತೆ ಇರ್ತೀಯ. ಇಲ್ಲಿ ನನ್ನ ನಿರಾಶ್ರಿತರ ಕಾರ್ಡಿಗೆ ವರ್ಷಕ್ಕೊಂದು ಮುದ್ರೆ ಬೀಳಬೇಕು. ಬೀಳದ ವರ್ಷ ಎಬ್ಬಿಸಿ ನದಿಯಾಚೆ ಅಫ್ಘಾನಿಸ್ತಾನಕ್ಕೆ ಬಿಟ್ಟು ಬರ್ತಾರೆ. ಆ ಸಾಲಲ್ಲಿ ನಿನ್ನನ್ನೂ ನಿಲ್ಸೋಕೆ ನಂಗೆ ಇಷ್ಟ ಇಲ್ಲ."

"ಎಷ್ಟು ಒಳ್ಳೆಯವರು ನೀವು." ಅವಳ ದನಿ ಏರಲಿಲ್ಲ. "ಅವತ್ತು ನಿಖಾಗೆ ನನ್ನ ಹತ್ರ ಮೂರು ಸಲ ಬಂದು ಕೇಳಿದ್ರು. ಎರಡು ಸಲ ಸುಮ್ಮನಿದ್ದೆ, ಹಾಗಿರಬೇಕು ಅಂತ ಅಮ್ಮ ಹೇಳಿದ್ರು. ಮೂರನೇ ಸಲ ಹೂಂ ಅಂದೆ. ಕಟ್ಟೋಕೆ ಮೂರು ಸಲ ಕೇಳಿದವರು, ಬಿಚ್ಚೋಕೆ ಒಂದು ಸಲನೂ ಕೇಳಲ್ವಾ?"

"ಕೇಳಿದ್ರೆ ಏನ್ ಹೇಳ್ತೀಯ?"

"ಕೇಳಿ ನೋಡಿ."

ಯಾಮಾ ಬಾಯಿ ತೆರೆದ. ಶಾಹ್‌ಗುಲ್ ಕೆಮ್ಮಲಿಲ್ಲ, ಅದು ನೀಲಾಬ್‌ಗೆ ಚೆನ್ನಾಗಿ ನೆನಪಿದೆ. ಆದರೆ ಅವನು ಕೇಳಲಿಲ್ಲ. ಟೋಪಿ ಸರಿಮಾಡಿಕೊಂಡು, "ಬರ್ತೀನಿ ಖಾಲಾ," ಎಂದು ಅವಳ ತಾಯಿಗೆ ಹೇಳಿ ಹೋದ.

ಆಮೇಲಿನ ಎರಡು ದಿನ ನೀಲಾಬ್ ಮನೆಯ ಪಾತ್ರೆಗಳನ್ನು ಪಕ್ಕದ ಬೀದಿಗೆ ಕೇಳಿಸುವ ಹಾಗೆ ತೊಳೆದಳು. ಸಿಟ್ಟು ತಂದೆಯ ಮೇಲೆ ಅಷ್ಟಿರಲಿಲ್ಲ. ತಂದೆಗೆ ಭಯ, ಅದು ಕಾಣುತ್ತಿತ್ತು. ಮಗಳನ್ನು ಈ ಊರಿನಲ್ಲಿ ಒಂಟಿಯಾಗಿ ಬಿಟ್ಟು ವಿಮಾನ ಹತ್ತಿದ ತಂದೆ ಎನ್ನಿಸಿಕೊಳ್ಳುವ ಭಯ. ಸಿಟ್ಟೆಲ್ಲ ಯಾಮಾ ಮೇಲೆ. ಒಂದು ಪ್ರಶ್ನೆ ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಶುಕ್ರವಾರ ತಾಯಿ ಅವಳ ಜಡೆ ಹೆಣೆಯುತ್ತ, "ನನ್ನ ನಿಖಾದಲ್ಲಿ ನನ್ನನ್ನ ಯಾರೂ ಏನೂ ಕೇಳಿರಲಿಲ್ಲ," ಎಂದಳು. ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಹಾಕಿದಳು.

ಶನಿವಾರ ಮಧ್ಯಾಹ್ನದ ನಮಾಜ್ ಮುಗಿಸಿ ಮುಲ್ಲಾ ಸಾಹೇಬರು ಬಂದರು. ವಯಸ್ಸಾದವರು, ಮಂಡಿನೋವು. ಕೆಳಗೆ ಕೂರಲು ಎರಡು ನಿಮಿಷ ಬೇಕಾಯಿತು. ಸಾಕ್ಷಿಗೆ ಬಜಾರಿನ ಇಬ್ಬರು ಬಂದರು. ಯಾಮಾ ಕೊನೆಗೆ ಬಂದ, ಒಗೆದ ಅಂಗಿ ಹಾಕಿಕೊಂಡಿದ್ದ. ನೀಲಾಬ್ ಒಳಮನೆಯ ಪರದೆಯ ಹಿಂದೆ ನಿಂತಿದ್ದಳು. ಪರದೆ ತೆಳು, ಅವನ ಬೆನ್ನು ಕಾಣುತ್ತಿತ್ತು.

ಮುಲ್ಲಾ ಸಾಹೇಬರು ಗಂಟಲು ಸರಿಮಾಡಿಕೊಂಡರು. "ಏನಪ್ಪಾ, ಯೋಚನೆ ಮಾಡಿದೀಯಾ?"

"ಅವಳನ್ನ ಕೇಳಿದ್ರಾ?" ಎಂದ ಯಾಮಾ.

"ಯಾರನ್ನ?"

"ನೀಲಾಬ್‌ನ."

"ಇದಕ್ಕೆ ಹುಡುಗೀನ ಕೇಳೋ ಪದ್ಧತಿ ಇಲ್ಲಪ್ಪ. ತಲಾಕ್ ಹೇಳೋನು ನೀನು."

"ಗೊತ್ತು ಸಾಹೇಬ್ರೇ. ಆದ್ರೂ ಕೇಳಿ. ಕೇಳದೆ ನಾನು ಹೇಳಲ್ಲ."

ಮೇಷ್ಟರು ಕನ್ನಡಕ ತೆಗೆದರು. "ಯಾಮಾ, ಗುರುವಾರ ನನ್ನ ಮುಂದೆ ಒಪ್ಕೊಂಡಿದ್ದೆ."

"ಒಪ್ಕೊಂಡಿದ್ದೆ ಕಾಕಾ. ಅವತ್ತಿಂದ ಸುಟ್ಟ ರೊಟ್ಟಿ ಎಲ್ಲ ಕರಕಲು. ಬೇಕಾದ್ರೆ ಇವರನ್ನ ಕೇಳಿ." ಸಾಕ್ಷಿಗೆ ಬಂದ ಇಬ್ಬರೂ ತಲೆಯಾಡಿಸಿದರು, ತಿಂದವರು ಅವರೇ. "ನಂಗೆ ಅವಳು ಬೇಕು. ಎರಡು ವರ್ಷದಿಂದ ವಾರಕ್ಕೆ ಒಂದೇ ದಿನ ಇರೋದು ನಂಗೆ. ಆಗ್ಲಿ ಅಂದದ್ದು ಒಳ್ಳೇತನ ಅಲ್ಲ ಕಾಕಾ, ಹೆದರಿಕೆ. ಕೇಳಿದ್ರೆ ಹೋಗ್ತೀನಿ ಅಂದುಬಿಟ್ರೆ ಅಂತ. ಈಗ ಕೇಳಿ. ಹೋಗ್ತೀನಿ ಅಂದ್ರೆ ಆ ಮಾತು ಇಲ್ಲೇ ಹೇಳಿ ಎದ್ದು ಹೋಗ್ತೀನಿ."

ಪರದೆಯ ಹಿಂದೆ ನೀಲಾಬ್ ಒಂದು ಹೆಜ್ಜೆ ಮುಂದೆ ಬಂದಳು. ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಯಾವ ಗುರುವಾರವೂ ಕೇಳಿರಲಿಲ್ಲ, ಅದೂ ತನ್ನ ಕಡೆ ಬೆನ್ನು ಹಾಕಿ ಕೂತು, ನಾಲ್ಕು ಗಂಡಸರ ಮುಂದೆ.

ಮುಲ್ಲಾ ಸಾಹೇಬರು ಮೇಷ್ಟರ ಮುಖ ನೋಡಿದರು. ಮೇಷ್ಟರು ನೆಲ ನೋಡಿದರು. ಬೇಡ ಎನ್ನಲಿಲ್ಲ. ಮುಲ್ಲಾ ಸಾಹೇಬರು ಗೋಡೆಗೆ ಕೈಕೊಟ್ಟು ಎದ್ದು, ಮಂಡಿಗೆ ಶಾಪ ಹಾಕುತ್ತ ಪರದೆಯವರೆಗೆ ಬಂದರು.

"ಮಗಳೇ, ಇವರು ಹೇಳಿದ್ದು ಕೇಳಿಸಿಕೊಂಡಿದೀಯಲ್ಲ. ನೀನು ತಂದೆ ತಾಯಿ ಜೊತೆ..."

"ಇರ್ತೀನಿ," ಎಂದಳು ನೀಲಾಬ್. "ಇವರ ಜೊತೆ ಇಲ್ಲೇ ಇರ್ತೀನಿ."

"ಪೂರ್ತಿ ಕೇಳೋಕೆ ಬಿಡಮ್ಮ," ಎಂದರು ಮುಲ್ಲಾ ಸಾಹೇಬರು. ಮತ್ತೆ ಕೇಳುವ ಅಗತ್ಯ ಕಾಣದೆ ಹೋಗಿ ಕೂತರು. ಶಾಹ್‌ಗುಲ್ ಚಹಾ ತಂದಳು. ತಟ್ಟೆಯ ತುಂಬ ಬಾದಾಮಿ ಇತ್ತು.

ಎಲ್ಲರೂ ಹೋದ ಮೇಲೆ ಮೇಷ್ಟರು ಮಗಳ ಎದುರು ಬಂದು ಕೂತರು.

"ನಮ್ಮನ್ನ ಬಿಟ್ಟು ಇರೋಕೆ ಆಗುತ್ತಾ ನಿಂಗೆ?"

"ಆಗಲ್ಲ ಬಾಬಾ. ಆದ್ರೂ ಇರ್ತೀನಿ."

"ಅವರು ಕಾರ್ಡಿಗೆ ಮುದ್ರೆ ಹಾಕದಿದ್ರೆ?"

"ಇಬ್ಬರಿಗೂ ಹಾಕಲ್ಲ. ನಾನೊಬ್ಬಳೇ ಅಲ್ಲಿ ಕೂತು, ಇವರಿಗೆ ಬಿತ್ತೋ ಇಲ್ವೋ ಅಂತ ಫೋನ್ ನೋಡ್ತಾ ಇರೋಕಾಗಲ್ಲ."

ಅವರು ಮಗಳ ತಲೆಯ ಮೇಲೆ ಕೈಯಿಟ್ಟರು. ಅತ್ತರು. ನೀಲಾಬ್ ತಂದೆ ಅತ್ತದ್ದನ್ನು ನೋಡಿದ್ದು ಎರಡೇ ಸಲ, ಮಜಾರ್ ಬಿಟ್ಟ ದಿನ ಮತ್ತು ಅವತ್ತು.

ಬುಧವಾರ ಸಂದರ್ಶನದಲ್ಲಿ ಅಧಿಕಾರಿಣಿ ಐದು ಹೆಸರು ಓದಿ, ಎಲ್ಲ ಸರಿಯಿದೆಯೇ ಎಂದಾಗ ಬಾಯಿ ತೆರೆದದ್ದು ಮೇಷ್ಟರೇ. "ಒಂದು ಹೆಸರು ಹೆಚ್ಚಿದೆ. ನಾನು ತಪ್ಪು ಬರೆದಿದ್ದೆ. ಮಗಳಿಗೆ ಮದುವೆ ಆಗಿದೆ." ಆಕೆ ಯಾವಾಗ, ಎಲ್ಲಿ, ಯಾರ ಮುಂದೆ ಎಂದೆಲ್ಲ ಕೇಳಿ ಬರೆದುಕೊಂಡಳು. ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಒಂದು ಗೆರೆ ಎಳೆದಳು. ಹೊಸ ಅರ್ಜಿಗೆ ಮುನೀರಾ ಕಾಗದ ಕೊಟ್ಟಳು. ಸಸ್ಕಟೂನ್‌ನವರು ಪ್ರಯತ್ನ ಪಡುತ್ತೇವೆ ಎಂದರು. ಎಷ್ಟು ವರ್ಷ ಎಂದು ಯಾರೂ ಹೇಳಲಿಲ್ಲ.

ಟಿಕೆಟ್ ಬರಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ಮನೆಯಲ್ಲೇ ಚಿಕ್ಕದಾಗಿ ಮದುವೆ ಮುಗಿಸಿದರು. ಹಾಲ್ ಇಲ್ಲ, ಮುನ್ನೂರು ಜನ ಇಲ್ಲ, ಜರ್ಮನಿಯ ದೊಡ್ಡಪ್ಪ ವಿಡಿಯೋ ಕಾಲ್‌ನಲ್ಲಿ ಮಾತ್ರ ಬಂದು ಯಾರು ಯಾರೆಂದು ಗೊತ್ತಾಗದೆ ಎಲ್ಲರಿಗೂ ಶುಭಾಶಯ ಹೇಳಿದ. ಆದರೆ ಮೇಷ್ಟರು ಒಂದು ಹಟ ಹಿಡಿದಿದ್ದರು. ಹೊರಡುವ ದಿನ ಮಗಳೇ ಮೊದಲು ಮನೆ ಬಿಡಬೇಕು, ತಾವು ಆಮೇಲೆ. ಮದುಮಗಳನ್ನು ತಂದೆಯ ಮನೆಯಿಂದ ಕಳಿಸಿಕೊಡಬೇಕೇ ಹೊರತು, ಖಾಲಿ ಮನೆಯಲ್ಲಿ ಬಿಟ್ಟು ಹೋಗಬಾರದು.

ಆ ಬೆಳಿಗ್ಗೆ ಒಂಬತ್ತಕ್ಕೆ ವ್ಯಾನು ಬಂದು ಬೀದಿಯಲ್ಲಿ ನಿಂತಿತು. ಒಳಗೆ ಮೇಷ್ಟರು ಹಸಿರು ಬಟ್ಟೆಯ ಪಟ್ಟಿ ತೆಗೆದು ಮಗಳ ಸೊಂಟಕ್ಕೆ ಸುತ್ತಿದರು, ತಂದೆ ಮಾಡಬೇಕಾದ ಕೆಲಸ ಅದು. ಗಂಟು ಸರಿಯಾಗಿ ಕೂರಲಿಲ್ಲ. ಮೂರು ಸಲ ಬಿಚ್ಚಿ ಮೂರು ಸಲ ಹಾಕಿದರು.

"ಬಿಗಿ ಆಯ್ತಾ?"

"ಇಲ್ಲ ಬಾಬಾ."

"ಬಿಗಿಯಾಗೇ ಇರ್ಲಿ."

ತಮ್ಮಂದಿರು ಬಾಗಿಲಲ್ಲಿ ಕುರಾನ್ ಎತ್ತಿ ಹಿಡಿದರು. ನೀಲಾಬ್ ಅದರ ಕೆಳಗೆ ಬಗ್ಗಿ ಹೊಸಲು ದಾಟಿ, ಗೇಟಿನ ಹೊರಗೆ ಕಾದಿದ್ದ ಯಾಮಾ ಪಕ್ಕ ಹೋಗಿ ನಿಂತಳು. ಅವನು ಅವಳ ಕೈ ಹಿಡಿದುಕೊಂಡ. ಎಲ್ಲರ ಮುಂದೆ ಹಿಡಿದದ್ದು ಅದೇ ಮೊದಲು, ಯಾರಿಗೂ ಕೆಮ್ಮು ಬರಲಿಲ್ಲ.

ಇಷ್ಟರವರೆಗೆ ಎಲ್ಲ ಮದುವೆಯ ಹಾಗೇ ಇತ್ತು. ಮುಂದಿನದು ಹಾಗಿರಲಿಲ್ಲ. ಮದುಮಗಳು ಹೊರಗೆ ನಿಂತು ನೋಡುತ್ತಿದ್ದ ಹಾಗೆ ಅವಳ ಹಿಂದೆಯೇ ಮನೆಯೂ ಹೊರಗೆ ಬಂತು. ಚೀಲಗಳು ಬಂದವು, ತಮ್ಮಂದಿರು ಬಂದರು. ಮೇಷ್ಟರು ಬೀಗ ಹಾಕಿ, ಕೀಲಿಯನ್ನು ಮನೆಯ ಮಾಲೀಕನ ಕೈಗಿಟ್ಟರು. ಅವನು ಕೀಲಿ ಜೇಬಿಗೆ ಹಾಕಿಕೊಂಡು ಹೋದ.

ಶಾಹ್‌ಗುಲ್ ಕೊನೆಯಲ್ಲಿ ನಿಂತಿದ್ದಳು. ಕೈಯಲ್ಲಿ ತಾಮ್ರದ ಚೊಂಬು, ತುಂಬ ನೀರು. ಹೋಗುವವರ ಹಿಂದೆ ಉಳಿಯುವವರು ನೀರು ಚೆಲ್ಲಬೇಕು, ಕ್ಷೇಮವಾಗಿ ಹೋಗಿ ಮರಳಿ ಬರಲಿ ಎಂದು. ಗಂಡನ ಮನೆಗೆ ಹೊರಟ ಮಗಳ ಹಿಂದೆ ತಾಯಿ ಚೆಲ್ಲುತ್ತಾಳೆ. ಅದಕ್ಕೇ ತಂದಿದ್ದಳು. ಅವಳು ಮಗಳನ್ನು ನೋಡಿದಳು, ಬಾಗಿಲು ತೆರೆದು ನಿಂತ ವ್ಯಾನನ್ನು ನೋಡಿದಳು. ಆಮೇಲೆ ಚೊಂಬನ್ನು ನೀಲಾಬ್ ಕೈಗೆ ಕೊಟ್ಟಳು.

"ನೀನೇ ಹಾಕಬೇಕು," ಎಂದಳು.

ವ್ಯಾನು ಹೊರಟಿತು. ನೀಲಾಬ್ ನಾಲ್ಕು ಹೆಜ್ಜೆ ಓಡಿ ಅದರ ಹಿಂದೆ ನೀರು ಚೆಲ್ಲಿದಳು. ಧೂಳು ಅಷ್ಟನ್ನೂ ಕ್ಷಣದಲ್ಲಿ ಕುಡಿಯಿತು. ನಾಲ್ಕು ಜನಕ್ಕೆ, ಅಷ್ಟು ದೂರಕ್ಕೆ, ಒಂದು ಚೊಂಬು ಸಾಲದು ಎನ್ನಿಸಿತು ಅವಳಿಗೆ. ಇನ್ನೊಂದು ತುಂಬಿಸಿಕೊಂಡು ಬರಲು ತಿರುಗಿದಳು. ಮನೆಗೆ ಬೀಗ ಬಿದ್ದಿತ್ತು.

ಅವಳು ಅಲ್ಲೇ ನಿಂತು ಅಳತೊಡಗಿದಳು. ಯಾಮಾ ಚೊಂಬು ತೆಗೆದುಕೊಂಡು ಹೋಗಿ ಬೀದಿಯ ಕಾಲುವೆಯಲ್ಲಿ ಅದ್ದಿ, ತುಂಬಿಸಿ ತಂದ.

"ಹಾಕು," ಎಂದ. "ಸಾಲದಿದ್ರೆ ಮತ್ತೆ ತರ್ತೀನಿ."

ವ್ಯಾನು ಆಗಲೇ ತಿರುವಿನಲ್ಲಿ ಮರೆಯಾಗಿತ್ತು. ಆದರೂ ಅವಳು ಚೆಲ್ಲಿದಳು. ಅವನು ಮತ್ತೆ ತಂದ.